ಹಿಮಾಲಯನ್ 411ಕ್ಕೆ ಮೈಸೂರು, ಮಂಡ್ಯದಲ್ಲೇ ಕಟ್ಟಿಸುವ ಮುಂಭಾಗ: ಯಾವುದು ಬಾಳುತ್ತೆ, ಯಾವುದು ಬಿರುಕು ಬಿಡುತ್ತೆ

ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411ರ ಹೆಡ್‌ಲೈಟು ಫೋರ್ಕಿನ (ಮುಂದಿನ ಚಕ್ರ ಹಿಡಿದಿರುವ ಕವಲು) ಮೇಲಲ್ಲ, ಚಾಸಿಯ ಮೇಲೆ ಕೂತಿದೆ. ಹ್ಯಾಂಡಲ್ ತಿರುಗಿಸಿದರೂ ದೀಪ ತಿರುಗೋದಿಲ್ಲ. ಮುಂಭಾಗವನ್ನು ಸ್ವಂತ ಅಳತೆಗೆ ಕಟ್ಟಿಸಬೇಕು ಅನ್ನುವವರಿಗೆ ಇದೊಂದೇ ಕಾರಣ ಸಾಕು, ಯಾಕೆಂದರೆ ಮೇಲೆ ಏರಿಸುವ ತೂಕ ಸ್ಟೀರಿಂಗ್ ಮೇಲೆ ಬೀಳೋದಿಲ್ಲ. ಅದೇ ಎಂಜಿನ್ನಿನ ಸ್ಕ್ರ್ಯಾಮ್ 411ರಲ್ಲಿ ದೀಪ ಫೋರ್ಕಿಗೆ ಹೋಗಿದೆ, ಮುಂದಿನ ಚಕ್ರವೂ 21ರಿಂದ 19 ಇಂಚಿಗೆ ಇಳಿದಿದೆ. ಈ ಬರಹದಲ್ಲಿ ಹೇಳುವ ಟವರನ್ನು, ಅಂದರೆ ದೀಪ, ಮೀಟರ್, ಗಾಜು ಹೊರುವ ಚೌಕಟ್ಟನ್ನು, ಸ್ಕ್ರ್ಯಾಮಿಗೆ ಹಾಗೇ ಹಾಕಬೇಡಿ.

ಇಲ್ಲಿ ತೂಗಿ ನೋಡುತ್ತಿರುವುದು ಮೂರು ಭಾಗಗಳ ಒಂದು ಸೆಟ್: ರ‍್ಯಾಲಿ ಟವರ್, ವಿಂಡ್‌ಸ್ಕ್ರೀನ್, ಎತ್ತರದ ಮಡ್‌ಗಾರ್ಡ್. ತಗಡು ಕತ್ತರಿಸೋದು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ, ವೆಲ್ಡಿಂಗ್ ಮಂಡ್ಯದಲ್ಲಿ, ಮಿಕ್ಕಿದ್ದು ಮನೆಯಲ್ಲಿ. ಟವರನ್ನು ಧೈರ್ಯವಾಗಿ ಮಾಡಿಸಬಹುದು. ಮಡ್‌ಗಾರ್ಡನ್ನು ನಾಲೆ ಏರಿಯ ಮೇಲೆ ಓಡಿಸುವವರು ಮಾಡಿಸಲೇಬೇಕು. ವಿಂಡ್‌ಸ್ಕ್ರೀನ್ ಮಾತ್ರ ರೆಡಿಮೇಡ್ ತರುವುದೇ ವಾಸಿ.

ಟವರಿನ ಲೆಕ್ಕ ತೂಕದಿಂದ ಶುರುವಾಗಬೇಕು. 3 ಮಿ.ಮೀ. ದಪ್ಪದ ಕಬ್ಬಿಣದ ಶೀಟ್ ಒಂದು ಚದರ ಮೀಟರಿಗೆ ಸುಮಾರು 23.5 ಕೆ.ಜಿ. ತೂಗುತ್ತೆ, ಅದೇ ದಪ್ಪದ ಅಲ್ಯೂಮಿನಿಯಂ 8 ಕೆ.ಜಿ. ಆಸುಪಾಸು. 'ಗಟ್ಟಿಯಾಗಿರಲಿ' ಅಂತ ಇಡೀ ಟವರನ್ನು 5 ಮಿ.ಮೀ. ಪ್ಲೇಟಿನಲ್ಲಿ ಮಾಡಿಸಿದರೆ ಅದು ತನ್ನ ಭಾರಕ್ಕೇ ಬ್ರಾಕೆಟ್ ಮುರಿದುಕೊಳ್ಳುತ್ತೆ. ಸರಿಯಾದ ದಾರಿ 16 ಮಿ.ಮೀ. ಹೊರ ಅಳತೆ, 1.6 ಮಿ.ಮೀ. ಗೋಡೆಯ ಸೀಮ್‌ಲೆಸ್ ಪೈಪು. ಇದು ಮೀಟರಿಗೆ 570 ಗ್ರಾಂ ಬರುತ್ತೆ, ಮೂರು ಮೀಟರಿನಲ್ಲಿ ಕೆಲಸ ಮುಗಿಯುತ್ತೆ. ಚಾಸಿಗೆ ಕೂರುವ ಕಿವಿಗಳಿಗೆ ಮಾತ್ರ 3 ಮಿ.ಮೀ. ಪ್ಲೇಟ್ ಇರಲಿ, ಮೀಟರ್ ಮತ್ತು ಫೋನ್ ಕೂರುವ ಹಲಗೆಗೆ 2 ಮಿ.ಮೀ. ಅಲ್ಯೂಮಿನಿಯಂ ಧಾರಾಳವಾಯಿತು. ದೀಪ, ಗಾಜು ಎಲ್ಲ ಸೇರಿ 4 ಕೆ.ಜಿ. ಒಳಗೆ ನಿಲ್ಲಿಸಿ.

ಅಲ್ಯೂಮಿನಿಯಂ ಕೇಳುವಾಗ ಗ್ರೇಡ್ ಹೇಳಿ ಕೇಳಬೇಕು. ಮಡಚುವ ಭಾಗಕ್ಕೆ 5052 ಒಳ್ಳೆಯದು. 6061-ಟಿ6 ಗಟ್ಟಿ, ಆದರೆ ಬಿಗಿಯಾಗಿ ಮಡಚಿದರೆ ಮಡಿಕೆಯ ಹೊರಮೈಯಲ್ಲೇ ಸೀಳುತ್ತೆ, ವೆಲ್ಡ್ ಮಾಡಿದರೆ ಬಿಸಿ ತಗುಲಿದ ಜಾಗದಲ್ಲಿ ಬಲ ಕಳೆದುಕೊಳ್ಳುತ್ತೆ. ಅಂಗಡಿಯವರು ಎಚ್‌ಇ30 ಅಂದರೆ ಅದೂ ಇದೇ ಜಾತಿ, ಬೋಲ್ಟ್ ಹಾಕುವ ಭಾಗಕ್ಕೆ ಸೈ, ಮಡಚೋದಕ್ಕೆ ಬೇಡ.

ಹೆಬ್ಬಾಳದ ಲೇಸರ್ ಕಟಿಂಗ್ ಕೆಲಸಕ್ಕೆ ಪೂರ್ತಿ ಅಂಕ ಕೊಡಬಹುದು, ಡ್ರಾಯಿಂಗ್ ಸರಿ ಇದ್ದರೆ. ಮೊದಲು ರಟ್ಟಿನಲ್ಲಿ ಕತ್ತರಿಸಿ ಬೈಕಿಗೆ ಹಿಡಿದು ನೋಡಿ, ಆಮೇಲೆ ಲೇಸರ್ ಮೆಷಿನ್ನಿಗೆ ಕೊಡುವ ಡ್ರಾಯಿಂಗ್, ಅಂದರೆ ಡಿಎಕ್ಸ್‌ಎಫ್ ಫೈಲ್ ಮಾಡಿಸಿ. ಎಂ8 ಬೋಲ್ಟಿಗೆ 8.5 ಮಿ.ಮೀ. ತೂತು, ಎಂ6ಕ್ಕೆ 6.5. ಮಡಿಕೆಯ ಗೆರೆಗೆ ತೀರಾ ಹತ್ತಿರ ತೂತು ಇಟ್ಟರೆ ಮಡಚುವಾಗ ಅದು ಮೊಟ್ಟೆ ಆಕಾರಕ್ಕೆ ಎಳೆದುಕೊಳ್ಳುತ್ತೆ. 3 ಮಿ.ಮೀ. ಪ್ಲೇಟಿನಲ್ಲಿ ಗೆರೆಯಿಂದ ಕನಿಷ್ಠ 12 ಮಿ.ಮೀ. ದೂರ ಇರಲಿ. ತೂಕ ಇಳಿಸೋಕೆ ಅಂತ ಪ್ಲೇಟಿನ ತುಂಬ ಸಣ್ಣ ಸಣ್ಣ ತೂತು ಕೊರೆಸುವ ಆಸೆ ಬೇಡ. ಲೇಸರ್ ಬಿಲ್ ಬೀಳೋದು ಕತ್ತರಿಸಿದ ಉದ್ದಕ್ಕೂ ಚುಚ್ಚಿದ ಲೆಕ್ಕಕ್ಕೂ. ಎರಡು ದೊಡ್ಡ ಕಿಟಕಿ ತೆಗೆಸಿದರೆ ತೂಕ ಹೆಚ್ಚು ಇಳಿಯುತ್ತೆ, ದುಡ್ಡು ಕಡಿಮೆ ಹೋಗುತ್ತೆ.

ವೆಲ್ಡಿಂಗ್ ವಿಷಯದಲ್ಲಿ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಹೆಚ್ಚಿನ ಟವರ್‌ಗಳು ಸಾಯುವುದು ಇಲ್ಲೇ. ಮಂಡ್ಯದ ವೆಲ್ಡರ್‌ಗಳ ಕೈ ಟ್ರ್ಯಾಕ್ಟರ್ ಟ್ರೇಲರಿನಲ್ಲಿ, ಆಲೆಮನೆಯ ಗಾಣದಲ್ಲಿ ಪಳಗಿದ್ದು. 6 ಮಿ.ಮೀ. ಆಂಗಲ್ ಕೊಟ್ಟರೆ ಅವರ ಬೆಸುಗೆ ಬೈಕಿಗಿಂತ ಹೆಚ್ಚು ಕಾಲ ಬಾಳುತ್ತೆ. ಆದರೆ ಆ ಕೆಲಸಕ್ಕೆ ಸೆಟ್ ಮಾಡಿದ ಮೆಷಿನ್ನಿನಲ್ಲಿ, 3.15 ಮಿ.ಮೀ. ರಾಡು, ನೂರು ಆಂಪಿಯರಿಗೆ ಮೇಲಿನ ಕರೆಂಟು ಇಟ್ಟುಕೊಂಡೇ ತೆಳು ಪೈಪಿಗೆ ಕೈ ಹಾಕಿದರೆ ಪೈಪು ತೂತು ಬೀಳುತ್ತೆ. ಆ ತೂತನ್ನು ಮೇಲಿಂದ ಮೇಲೆ ತುಂಬಿ ಮುಚ್ಚುತ್ತಾರೆ, ಹೊರಗೆ ದಪ್ಪ ಗಂಟು ಕಾಣುತ್ತೆ, ಪಕ್ಕದ ಗೋಡೆ ಮಾತ್ರ ಕಾಗದದಷ್ಟು ತೆಳ್ಳಗಾಗಿರುತ್ತೆ. ಎಂಜಿನ್ ನಡುಕಕ್ಕೆ ಬಿರುಕು ಶುರುವಾಗೋದು ಆ ಗಂಟಿನ ಅಂಚಿನಲ್ಲೇ. ಮಿಗ್ ಮೆಷಿನ್ (ರಾಡಿನ ಬದಲು ತೆಳು ತಂತಿ ಬಿಡುವ ವೆಲ್ಡಿಂಗ್) ಇರುವ ಕಡೆ ಹೋಗಿ, ಇಲ್ಲವಾದರೆ 2 ಮಿ.ಮೀ. ರಾಡು, 40ರಿಂದ 60 ಆಂಪಿಯರ್ ಅಂತ ಮೊದಲೇ ಮಾತಾಡಿ, ಅದೇ ಪೈಪಿನ ತುಂಡಿನ ಮೇಲೆ ಒಂದು ಸಲ ಹಾಕಿ ತೋರಿಸಲು ಹೇಳಿ. ಕೇಳಿದರೆ ಬೇಜಾರಿಲ್ಲದೆ ಮಾಡಿಕೊಡುತ್ತಾರೆ, ಕೆಲಸ ಬಲ್ಲವರು ಅವರು. ಮೂಲೆಗೆ ಬಲಕ್ಕಾಗಿ ಕೊಡುವ ಗಸೆಟ್ ಪ್ಲೇಟು ಪೈಪಿನ ಮೇಲೆ ಥಟ್ಟನೆ ಮುಗಿಯಬಾರದು, ತುದಿ ಇಳಿಜಾರಾಗಿ ಸವೆದು ನಿಲ್ಲಬೇಕು. ಬಿರುಕು ಕಂಡರೆ ಅದರ ತುದಿಯಲ್ಲಿ 3 ಮಿ.ಮೀ. ತೂತು ಕೊರೆದರೆ ಮುಂದೆ ಓಡುವುದು ನಿಧಾನವಾಗುತ್ತೆ, ಮನೆ ಸೇರಲು ಅಷ್ಟು ಸಾಕು.

ಚಾಸಿಗೆ ಹೊಸ ತೂತು, ಹೊಸ ಬೆಸುಗೆ ಎರಡೂ ಬೇಡ. ಮೂಲ ಬ್ರಾಕೆಟ್ ಕೂರುವ ಬೋಲ್ಟ್ ಜಾಗಗಳನ್ನೇ ಬಳಸಿ. 8.8 ಗ್ರೇಡ್ ಬೋಲ್ಟು, ಎಂ8ಕ್ಕೆ 25 ನ್ಯೂಟನ್ ಮೀಟರ್, ಎಂ6ಕ್ಕೆ 10, ಬೋಲ್ಟ್ ಸಡಿಲವಾಗದಂತೆ ಹಿಡಿಯುವ ಅಂಟು, ನೀಲಿ ಥ್ರೆಡ್‌ಲಾಕರ್, ಒಂದು ಹನಿ. ಪೌಡರ್ ಕೋಟಿಂಗಿಗೆ ಕೊಡುವ ಮೊದಲು ಥ್ರೆಡ್‌ಗಳನ್ನೂ ಅರ್ಥಿಂಗ್ ಜಾಗವನ್ನೂ ಮುಚ್ಚಿಸಿ. ಅರ್ಥಿಂಗ್ ಮೇಲೆ ಬಣ್ಣ ಕೂತರೆ ದೀಪ ಮಿಣುಕುತ್ತೆ, ಆಮೇಲೆ ವೈರಿಂಗನ್ನೆಲ್ಲ ಬಿಚ್ಚಿ ಹುಡುಕುತ್ತಾ ಕೂರಬೇಕಾಗುತ್ತೆ.

ಮಡ್‌ಗಾರ್ಡಿಗೆ ಬರೋಣ. 411ಕ್ಕೆ ಕಂಪನಿಯಿಂದಲೇ ಎರಡು ಬಂದಿರುತ್ತೆ: ದೀಪದ ಕೆಳಗಿನ ಕೊಕ್ಕು, ಚಕ್ರವನ್ನು ತಬ್ಬಿದಂತಿರುವ ಕೆಳಗಿನದು. ಒಣ ರಸ್ತೆಯಲ್ಲಿ ಈ ಜೋಡಿಗೆ ಏನೂ ಹೇಳುವ ಹಾಗಿಲ್ಲ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಏರಿ ಹಾದಿಯಲ್ಲಿ ಮಳೆ ಬಿದ್ದ ಮಾರನೆಯ ದಿನ ಕತೆ ಬೇರೆ. ಅಂಟು ಮಣ್ಣು ಕೆಳಗಿನ ಮಡ್‌ಗಾರ್ಡಿನೊಳಗೆ ತುಂಬಿ ಚಕ್ರವನ್ನೇ ಹಿಡಿದು ನಿಲ್ಲಿಸುತ್ತೆ. ಕಬ್ಬು ಕಡಿಯುವ ಕಾಲದಲ್ಲಿ ದಾರಿಯ ಮೇಲೆ ಬಿದ್ದ ಸೋಗೆ ಅದೇ ಸಂದಿಗೆ ಸುತ್ತಿಕೊಳ್ಳುತ್ತೆ.

ಕೆಳಗಿನದನ್ನು ತೆಗೆದು, ದೀಪದ ಕೆಳಗೆ ಎತ್ತರದ ಕೊಕ್ಕೊಂದನ್ನೇ ಹಾಕುವುದು ದಾರಿ. ಇದಕ್ಕೆ ನಮ್ಮ ಕಡೆ ಸಿಗುವ ಅತ್ಯುತ್ತಮ ಸಾಮಾನು 200 ಲೀಟರಿನ ನೀಲಿ ಪ್ಲಾಸ್ಟಿಕ್ (ಎಚ್‌ಡಿಪಿಇ) ಡ್ರಮ್. ಬಿದ್ದರೂ ಒಡೆಯೋದಿಲ್ಲ, ಬಾಗಿ ವಾಪಸ್ ಬರುತ್ತೆ, ಮಣ್ಣು ಅಂಟೋದಿಲ್ಲ. ಬಣ್ಣವೂ ಅಂಟೋದಿಲ್ಲ, ಗೋಂದೂ ಹಿಡಿಯೋದಿಲ್ಲ, ಆದ್ದರಿಂದ ಎಲ್ಲವೂ ಬೋಲ್ಟಿನಲ್ಲೇ, ದೊಡ್ಡ ವಾಷರ್ ಇಟ್ಟು. ಮುಂದಿನ 90/90-21 ಟೈರಿನ ಅರ್ಧವ್ಯಾಸ ಸುಮಾರು 35 ಸೆಂ.ಮೀ., ಡ್ರಮ್ಮಿನದು 29ರ ಹತ್ತಿರ. ಹಾಗಾಗಿ ಕತ್ತರಿಸಿದ ತುಂಡಿನ ಬಾಗನ್ನು ಹೀಟ್ ಗನ್ನಿನಲ್ಲಿ ಸ್ವಲ್ಪ ಬಿಚ್ಚಿಸಬೇಕು. ಎಚ್‌ಡಿಪಿಇ 130 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತೆ, ಮೈ ಹೊಳೆಯಲು ಶುರುವಾದ ತಕ್ಷಣ ಗನ್ ತೆಗೆದು ಅಚ್ಚಿಗೆ ಒತ್ತಿ, ಪೂರ್ತಿ ಆರುವ ತನಕ ಕಟ್ಟಿಡಿ. ಅವಸರಪಟ್ಟು ಬಿಚ್ಚಿದರೆ ಹಳೆಯ ಬಾಗಿಗೇ ಹಿಂತಿರುಗುತ್ತೆ. ಕ್ರಿಮಿನಾಶಕ, ರಾಸಾಯನಿಕ ತುಂಬಿದ್ದ ಡ್ರಮ್ ಬೇಡ, ಬಿಸಿ ಮಾಡುವಾಗ ಹೊಗೆ ಮೂಗಿಗೇ ಬರುತ್ತೆ.

ಫೈಬರಿನಲ್ಲಿ ಮಾಡಿಸುವವರು ಚದರ ಮೀಟರಿಗೆ 300 ಗ್ರಾಂ ತೂಗುವ ಗಾಜಿನ ನಾರಿನ ಮ್ಯಾಟ್ ಮೂರು ಪದರ ಹಾಕಿಸಲಿ. ಏಪ್ರಿಲ್ ಬಿಸಿಲಿನಲ್ಲಿ ಹಾರ್ಡ್‌ನರ್ ಶೇ. 1ಕ್ಕೆ ಇಳಿಸಿ, ಹೆಚ್ಚಾದರೆ ರೆಸಿನ್ ಕಾದು ತಾನಾಗೇ ಸೀಳುತ್ತೆ. ಮನೆಯಲ್ಲಿ ಮಾಡುವವರು ಒಂದು ಮಾತು ಮರೆಯಬಾರದು: ಕೋಬಾಲ್ಟ್ ಆಕ್ಸಿಲರೇಟರನ್ನೂ ಹಾರ್ಡ್‌ನರನ್ನೂ ನೇರವಾಗಿ ಬೆರೆಸಬೇಡಿ, ಸ್ಫೋಟವಾಗುತ್ತೆ. ಮೊದಲು ಒಂದನ್ನು ರೆಸಿನ್ನಿನಲ್ಲಿ ಪೂರ್ತಿ ಕಲಸಿ, ಆಮೇಲೆ ಇನ್ನೊಂದು.

ಎತ್ತರದ ಅಳತೆಯೇ ಇಲ್ಲಿ ಪ್ರಾಣ. 411ರ ಫೋರ್ಕ್ 200 ಮಿ.ಮೀ. ಒಳಗೆ ಹೋಗುತ್ತೆ. ಬೈಕ್ ನಿಂತಾಗ ಎಷ್ಟೇ ಜಾಗ ಕಂಡರೂ ನಂಬಬೇಡಿ. ಎಂಜಿನ್ ಕೆಳಗೆ ಭದ್ರವಾದ ಸ್ಟ್ಯಾಂಡ್ ಕೊಟ್ಟು, ಫೋರ್ಕ್ ಸ್ಪ್ರಿಂಗ್ ತೆಗೆದು, ಫೋರ್ಕ್ ಪೂರ್ತಿ ಒಳಗೆ ಹೋಗುವವರೆಗೆ ಚಕ್ರವನ್ನು ಜ್ಯಾಕಿನಿಂದ ಎತ್ತಿ. ಆಗಲೂ ಟೈರಿಗೂ ಕೊಕ್ಕಿಗೂ ಮಧ್ಯೆ 25 ಮಿ.ಮೀ. ಉಳಿಯಬೇಕು. ಈ ಒಂದು ಹೆಜ್ಜೆ ಬಿಟ್ಟರೆ ದೊಡ್ಡ ಗುಂಡಿಯಲ್ಲಿ ಟೈರ್ ಕೊಕ್ಕಿಗೆ ಸಿಕ್ಕಿ ಸವಾರ ಮುಂದೆ ಹಾರುತ್ತಾನೆ. ಕೆಳಗಿನ ಮಡ್‌ಗಾರ್ಡ್ ತೆಗೆದ ಮೇಲೆ ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರ್ ಟೈರಿಗೆ ತಾಗದಂತೆ ಹೊಸ ಗೈಡ್ ಕೊಡಿ. ಚಕ್ರದ ಕೆಸರು ನೇರ ಆಯಿಲ್ ಕೂಲರ್ ಮೇಲೆ ಬೀಳುತ್ತೆ, ಅದರ ಮುಂದೆ ಜಾಲರಿ ಹಾಕಿ.

ವಿಂಡ್‌ಸ್ಕ್ರೀನ್ ಯಾಕೆ ಮನೆಯಲ್ಲಿ ಬೇಡ? ಅಕ್ರಿಲಿಕ್ ಬಗ್ಗಿಸುವುದು ಸುಲಭ, ಬಿದ್ದಾಗ ಚೂಪು ತುಂಡಾಗಿ ಒಡೆಯುತ್ತೆ, ಎದೆಯ ಮುಂದೆ ಇರಬೇಕಾದ ವಸ್ತು ಅದಲ್ಲ. ಪಾಲಿಕಾರ್ಬೊನೇಟ್ ಒಡೆಯೋದಿಲ್ಲ, ಆದರೆ ಗಾಳಿಯ ತೇವ ಹೀರಿಕೊಂಡಿರುತ್ತೆ. 120 ಡಿಗ್ರಿಯಲ್ಲಿ ಗಂಟೆಗಟ್ಟಲೆ ಒಣಗಿಸದೆ ಬಗ್ಗಿಸಲು ಹೋದರೆ ಒಳಗೆಲ್ಲ ಗುಳ್ಳೆ ಏಳುತ್ತೆ. ಅಷ್ಟು ದೊಡ್ಡ ಓವನ್ ಮನೆಯಲ್ಲಿ ಇರೋದಿಲ್ಲ. ಬಾಗಿಲ್ಲದ ಚಪ್ಪಟೆ ಶೀಲ್ಡ್ ಸಾಕು ಅನ್ನುವವರು 3 ಮಿ.ಮೀ. ಯುವಿ ಕೋಟಿಂಗ್ ಇರುವ ಶೀಟ್ ತನ್ನಿ. ಎಂ5 ಬೋಲ್ಟಿಗೆ 7 ಮಿ.ಮೀ. ತೂತು, ಮಧ್ಯೆ ರಬ್ಬರ್. ಅರ್ಧ ಮೀಟರ್ ಶೀಟು 30 ಡಿಗ್ರಿ ಏರಿಳಿತಕ್ಕೆ ಸುಮಾರು 1 ಮಿ.ಮೀ. ಹಿಗ್ಗುತ್ತೆ, ಜಾಗ ಇಲ್ಲದಿದ್ದರೆ ತೂತಿನಿಂದಲೇ ಸೀಳು ಹೊರಡುತ್ತೆ. ಮುಖ್ಯವಾಗಿ, ಟವರಿಗೆ ಹಾಕಿದ ಥ್ರೆಡ್‌ಲಾಕರ್ ಇಲ್ಲಿಗೆ ತಾಗಿಸಲೇಬೇಡಿ, ಪಾಲಿಕಾರ್ಬೊನೇಟನ್ನು ಅದು ಬಿರುಕು ಬಿಡಿಸುತ್ತೆ. ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿದರೂ ಅದೇ ಗತಿ. ಇಲ್ಲಿ ಒಳಗೆ ನೈಲಾನ್ ಉಂಗುರವಿರುವ ನೈಲಾಕ್ ನಟ್ ಮಾತ್ರ. ಮೇಲಂಚು ಕಣ್ಣಿನ ಮಟ್ಟಕ್ಕಿಂತ ಐದಾರು ಸೆಂ.ಮೀ. ಕೆಳಗಿರಲಿ, ಬುಡದಲ್ಲಿ ಎರಡು ಬೆರಳು ಸಂದಿ ಬಿಡಿ, ಹೆಲ್ಮೆಟ್ಟಿಗೆ ಗಾಳಿ ಬಡಿಯೋದು ಕಡಿಮೆಯಾಗುತ್ತೆ.

ದೀಪದ ಬಗ್ಗೆ ನಮ್ಮ ದಾರಿಯ ಕಾರಣಕ್ಕೇ ಹೇಳಬೇಕು. 2023ರ ಆಗಸ್ಟ್ 1ರಿಂದ ಮೈಸೂರು–ಬೆಂಗಳೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಬೈಕಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯೇ ಗತಿ. ಅಲ್ಲಿ ಎದುರಿನಿಂದಲೂ ಬರುತ್ತಾರೆ, ಹಿಂಬದಿ ದೀಪವಿಲ್ಲದ ಕಬ್ಬಿನ ಟ್ರೇಲರ್‌ಗಳೂ ನಿಂತಿರುತ್ತವೆ. ಹ್ಯಾಲೊಜೆನ್ ಬಲ್ಬಿಗೆ ಮಾಡಿದ ಎಚ್‌4 ರಿಫ್ಲೆಕ್ಟರಿನೊಳಗೆ ಅಗ್ಗದ ಎಲ್‌ಇಡಿ ಬಲ್ಬ್ ತುರುಕಿದರೆ ಬೆಳಕು ರಸ್ತೆಗಿಂತ ಎದುರಿನವರ ಕಣ್ಣಿಗೇ ಹೆಚ್ಚು ಹೋಗುತ್ತೆ. ಟವರಿಗೆ ಪ್ರೊಜೆಕ್ಟರ್ ಇರುವ ಪೂರ್ತಿ ಲ್ಯಾಂಪನ್ನೇ ಹಾಕಿ. ಸವಾರ ಕೂತಿರುವಾಗ ಗೋಡೆಯಿಂದ 10 ಮೀಟರ್ ದೂರದಲ್ಲಿ ಡಿಪ್ ಬೆಳಕಿನ ಮೇಲ್ಗೆರೆ ದೀಪದ ಮಧ್ಯಕ್ಕಿಂತ 10 ಸೆಂ.ಮೀ. ಕೆಳಗೆ ಬೀಳಬೇಕು. 20 ವ್ಯಾಟಿನ ಎರಡು ಹೆಚ್ಚುವರಿ ದೀಪ 3.3 ಆಂಪಿಯರ್ ಎಳೆಯುತ್ತವೆ: 1 ಚದರ ಮಿ.ಮೀ. ವೈರು, ರಿಲೇ, ಬ್ಯಾಟರಿಯ ಹತ್ತಿರವೇ 7.5 ಆಂಪಿಯರ್ ಫ್ಯೂಸ್.

ಎಲ್ಲ ಕೂರಿಸಿದ ಮೇಲೆ ಎಂಜಿನ್ ಐಡಲಿನಲ್ಲಿಟ್ಟು ಹ್ಯಾಂಡಲನ್ನು ಎರಡೂ ಕಡೆ ಲಾಕ್‌ವರೆಗೆ ತಿರುಗಿಸಿ. ಆರ್‌ಪಿಎಂ ಏರಿದರೆ ಟವರ್ ಥ್ರಾಟಲ್ ಕೇಬಲನ್ನು ಎಳೆಯುತ್ತಿದೆ ಎಂದರ್ಥ. ಕೇಬಲ್ ದಾರಿ ಬದಲಿಸದೆ ಬೈಕ್ ಹೊರಗೆ ತೆಗೆಯಬೇಡಿ. ಮೊದಲ ದಿನ ಮೇಲುಕೋಟೆ ಕಡೆಗೋ ಕುಂತಿಬೆಟ್ಟದ ಕಡೆಗೋ ಹೋಗಿ ಬಂದು ಎಲ್ಲ ಬೋಲ್ಟಿಗೂ ಮತ್ತೆ ಟಾರ್ಕ್ ರೆಂಚ್ ಹಿಡಿಯಿರಿ, ಪೌಡರ್ ಕೋಟಿಂಗ್ ಅದುಮಿಕೊಂಡು ಬಿಗಿ ಸಡಿಲವಾಗಿರುತ್ತೆ.

ಕಾನೂನು ಸ್ಪಷ್ಟವಾಗಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಮೂಲ ವಿವರಗಳನ್ನು ಬದಲಿಸುವುದಕ್ಕೆ ತಡೆ ಹಾಕುತ್ತೆ, 2019ರ ತಿದ್ದುಪಡಿಯ 182ಎ(4) ಪ್ರಕಾರ ಒಪ್ಪಿಗೆಯಿಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿಕೊಂಡೇ ಕೆಲಸ ಶುರು ಮಾಡಿ. 285×45 ಮಿ.ಮೀ. ಮುಂದಿನ ನಂಬರ್ ಪ್ಲೇಟಿಗೆ ಟವರಿನ ಡ್ರಾಯಿಂಗಿನಲ್ಲೇ ಜಾಗ ಬಿಡಿ. ಬಿಚ್ಚಿದ ದೀಪ, ಬ್ರಾಕೆಟ್, ಎರಡೂ ಮಡ್‌ಗಾರ್ಡ್, ಬೋಲ್ಟುಗಳನ್ನು ಚೀಟಿ ಅಂಟಿಸಿ ಒಂದೇ ಪೆಟ್ಟಿಗೆಯಲ್ಲಿಡಿ. 2016ರಲ್ಲಿ ನೋಂದಣಿಯಾದ ಮೊದಲ ಹಿಮಾಲಯನ್‌ಗಳ ಆರ್‌ಸಿ ನವೀಕರಣ 2031ಕ್ಕೆ ಬರುತ್ತೆ, ಇನ್‌ಸ್ಪೆಕ್ಟರ್ ಮುಂದೆ ಬೈಕ್ ನಿಲ್ಲಿಸುವಾಗ ಅವೆಲ್ಲ ಬೇಕಾಗುತ್ತವೆ.