ಪೆಂಟಿಯಂ 3ರ ಮೇಲೆ ಹಗುರ ಓಎಸ್‌ಗಳು: ವರ್ಷಗಟ್ಟಲೆ ಓಡಿಸಿದ ಮೇಲಿನ ಅಭಿಪ್ರಾಯ

ಹಳೇ ಕಂಪ್ಯೂಟರಿಗೆ ಯಾವ ಓಎಸ್ ಹಾಕಲಿ ಎಂದರೆ ಎಲ್ಲರೂ ಮೊದಲು ಕೇಳುವುದು ರ‍್ಯಾಮ್ ಎಷ್ಟಿದೆ ಅಂತ. ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ. ಮೊದಲು ನೋಡಬೇಕಾದ್ದು ಪ್ರೊಸೆಸರಿನಲ್ಲಿ ಎಸ್‌ಎಸ್‌ಇ2 (ಲೆಕ್ಕ ಬೇಗ ಮಾಡಲು ಚಿಪ್ಪಿಗೆ ಸೇರಿಸಿದ ಹೆಚ್ಚುವರಿ ಸೂಚನೆಗಳ ಕಟ್ಟು) ಇದೆಯೋ ಇಲ್ಲವೋ ಎಂದು. ನನ್ನ ಹತ್ತಿರ ಎರಡು ಲ್ಯಾಪ್‌ಟಾಪ್‌ಗಳಿವೆ: ಒಂದು ಪೆಂಟಿಯಂ 3, ರ‍್ಯಾಮ್ 256 ಎಂಬಿ, ಇನ್ನೊಂದು ಪೆಂಟಿಯಂ ಎಂ, 1 ಜಿಬಿ. ಎರಡನ್ನೂ ವರ್ಷಗಳಿಂದ ಬರೀ ಖುಷಿಗೆ ಓಡಿಸುತ್ತಿದ್ದೇನೆ. ಹೊಟ್ಟೆಪಾಡಿನ ಕೆಲಸ ಯಾವುದೂ ಇವುಗಳ ಮೇಲೆ ನಡೆಯುವುದಿಲ್ಲ, ಆ ಲೆಕ್ಕದಲ್ಲೇ ಇದನ್ನು ಓದಿಕೊಳ್ಳಿ.

ಎಸ್‌ಎಸ್‌ಇ2 ಬಂದದ್ದು 2000ದ ಕೊನೆಗೆ, ಪೆಂಟಿಯಂ 4ರ ಜೊತೆ. ಪೆಂಟಿಯಂ 3ಕ್ಕೆ ಅದಿಲ್ಲ. ಫೈರ್‌ಫಾಕ್ಸ್ 2017ರಲ್ಲಿ ಲಿನಕ್ಸ್ ಆವೃತ್ತಿಗೂ ಅದನ್ನು ಕಡ್ಡಾಯ ಮಾಡಿತು. ಕ್ರೋಮ್‌ನ ತಳಹದಿಯಾದ ಕ್ರೋಮಿಯಂ 2021ರಲ್ಲಿ ಅದರ ಮುಂದಿನ ಕಂತಾದ ಎಸ್‌ಎಸ್‌ಇ3 ಬೇಕೆಂದಿತು, ಅಲ್ಲಿಗೆ ಪೆಂಟಿಯಂ ಎಂ ಕೂಡ ಹೊರಗೆ. ಬ್ರೌಸರ್ ಬಿಟ್ಟರಾಯಿತು ಎನ್ನುವ ಹಾಗೂ ಇಲ್ಲ. ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕಂಪೈಲರ್ ಮಾಮೂಲಿಯಾಗಿ 32 ಬಿಟ್ ಪಿಸಿಯಲ್ಲಿ ಎಸ್‌ಎಸ್‌ಇ2 ಇದ್ದೇ ಇರುತ್ತದೆ ಎಂದುಕೊಂಡು ಕೋಡ್ ತಯಾರಿಸುತ್ತದೆ. ಐಕಾನ್ ಚಿತ್ರ ಬಿಡಿಸುವ ಲಿಬ್‌ಆರ್‌ಎಸ್‌ವಿಜಿಯಂಥ ಲೈಬ್ರರಿಯೇ ರಸ್ಟ್‌ಗೆ ಹೋದಮೇಲೆ, ಅದನ್ನು ನೆಚ್ಚಿಕೊಂಡ ಪ್ರೋಗ್ರಾಂ ಪೆಂಟಿಯಂ 3ರಲ್ಲಿ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಎಂದು ಒಂದೇ ಸಾಲು ಕಾರಿ ಮಲಗಿಬಿಡಬಹುದು. ಎಷ್ಟು ರ‍್ಯಾಮ್ ತುಂಬಿದರೂ ಇದಕ್ಕೆ ಮದ್ದಿಲ್ಲ. ‘128 ಎಂಬಿ ಸಾಕು’ ಎಂದು ಹೇಳಿಕೊಳ್ಳುವ ಡಿಸ್ಟ್ರೊಗಳು (ಲಿನಕ್ಸ್‌ನ ಬಗೆಬಗೆಯ ಸಿದ್ಧ ಆವೃತ್ತಿಗಳು) ಈ ವಿಷಯವನ್ನು ಮುಖಪುಟದಲ್ಲಿ ಹಾಕುವುದು ಅಪರೂಪ.

ಹಾಗಾಗಿ ಪೆಂಟಿಯಂ 3ರಲ್ಲಿ ಸುತ್ತಿ ಬಳಸಿ ನಿಂತದ್ದು ನೆಟ್‌ಬಿಎಸ್‌ಡಿ ಎಂಬ, ಲಿನಕ್ಸ್ ಅಲ್ಲದ ಯುನಿಕ್ಸ್ ಜಾತಿಯ ಓಎಸ್. 1993ರಿಂದ ನಡೆದು ಬಂದ ಯೋಜನೆ. 2024ರ ಮಾರ್ಚ್‌ನಲ್ಲಿ ಬಂದ 10.0 ಕೂಡ ಪಿಸಿಯಲ್ಲಿ 486 ಎಂಬ ಹಳೇ ಚಿಪ್ಪಿನಿಂದ ಮೇಲಿನದಕ್ಕೆಲ್ಲ ಹೊಂದುತ್ತದೆ. ಬೂಟ್ ಆಗುವಾಗ ಕರ್ನಲ್ (ಓಎಸ್‌ನ ತಿರುಳು) ಬರೆಯುವ ಸಾಲುಗಳು ಹಸಿರು ಬಣ್ಣದಲ್ಲಿ ಮೇಲೇರುತ್ತವೆ: ಪಿಸಿಐ ಬಸ್, ಅದರ ಮೇಲೆ ಐಡಿಇ (ಹಳೇ ಬಗೆಯ ಡಿಸ್ಕ್ ಸಂಪರ್ಕ), ಐಡಿಇ ಮೇಲೆ ಡಿಸ್ಕ್, ಯಾವುದಕ್ಕೆ ಯಾವುದು ಅಂಟಿಕೊಂಡಿದೆ ಎಂದು ಪ್ರತಿ ಸಾಲೂ ಹೇಳುತ್ತದೆ. ಯಂತ್ರದ ಒಳಗೆ ಏನಿದೆ ಎಂದು ನಾನು ಕಲಿತದ್ದು ಆ ಸಾಲುಗಳನ್ನು ಓದಿಯೇ. ಅವನ್ನೆಲ್ಲ ಲೋಗೋ ಹಿಂದೆ ಮುಚ್ಚಿಡುವ ಡಿಸ್ಟ್ರೊಗಳ ಮೇಲೆ ನನಗೆ ಅಷ್ಟೇನೂ ಪ್ರೀತಿಯಿಲ್ಲ.

ಪರದೆಯ ಮೇಲೆ ಕಿಟಕಿಗಳನ್ನು ತೋರಿಸುವ ಎಕ್ಸ್ ವಿಂಡೋ ಮತ್ತು ಸಿಟಿಡಬ್ಲ್ಯೂಎಂ ಎಂಬ ವಿಂಡೋ ಮ್ಯಾನೇಜರ್ ಓಎಸ್ ಜೊತೆಗೇ ಬರುತ್ತವೆ. ನೋಡಲು ಹಳೇ ಕಾಲದ್ದು, ಮೌಸ್ ಒತ್ತಿದ ಕೂಡಲೇ ಮೆನು ತೆರೆಯುತ್ತದೆ. ಮ್ಯಾನ್ ಪೇಜುಗಳು (ಒಳಗೇ ಇರುವ ಕೈಪಿಡಿ) ಎಷ್ಟು ಚೆನ್ನಾಗಿವೆ ಎಂದರೆ ನೆಟ್ ಇಲ್ಲದೆಯೇ ಅರ್ಧ ಸಮಸ್ಯೆ ಬಗೆಹರಿಯುತ್ತದೆ. ಪ್ಯಾಕೇಜುಗಳನ್ನು ಪಿಕೆಜಿನ್ ಮೂಲಕ ಸಿದ್ಧ ರೂಪದಲ್ಲೇ ಇಳಿಸಿಕೊಳ್ಳಿ. ಇದೇ ಯಂತ್ರದಲ್ಲಿ ಕಂಪೈಲ್ ಮಾಡಲು ಹೊರಟರೆ ದೊಡ್ಡ ಪ್ಯಾಕೇಜಿಗೆ ಇಡೀ ರಾತ್ರಿ ಬೇಕಾಗುತ್ತದೆ. ಕರ್ನಲ್ಲಿನಿಂದ ಬೇಡದ ಡ್ರೈವರುಗಳನ್ನು ಕಿತ್ತುಹಾಕುವ ಆಸೆಯಿದ್ದರೆ, ಮೂಲ ಕೋಡ್ ಜೊತೆಗಿರುವ ಬಿಲ್ಡ್ ಸ್ಕ್ರಿಪ್ಟನ್ನು ಬೇರೆ ಲಿನಕ್ಸ್ ಯಂತ್ರದಲ್ಲಿ ಓಡಿಸಿ ಕರ್ನಲ್ ತಯಾರಿಸಿ ಇಲ್ಲಿಗೆ ತರಬಹುದು. ಇದೊಂದು ಸವಲತ್ತಿಗೇ ನಾನು ಇದನ್ನು ಬಿಟ್ಟಿಲ್ಲ.

ಇನ್ನು ವೆಬ್. ಡಿಲ್ಲೊ ಎಂಬ ಬ್ರೌಸರ್ ಬಹುಕಾಲ ನಿದ್ದೆ ಮಾಡಿ 2024ರಲ್ಲಿ 3.1 ಆಗಿ ಎದ್ದಿತು. ಜಾವಾಸ್ಕ್ರಿಪ್ಟ್ ಇಲ್ಲ, ಆದ್ದರಿಂದಲೇ ವೇಗ. ಬರಹವೇ ಮುಖ್ಯವಾಗಿರುವ ಪುಟಗಳು ಚೆನ್ನಾಗಿ ತೆರೆಯುತ್ತವೆ. ಬ್ಯಾಂಕು, ವಿಡಿಯೊ ಇತ್ಯಾದಿಗಳ ಆಸೆಯನ್ನು ಬಿಟ್ಟುಬಿಡಿ. ಎಸ್‌ಎಸ್‌ಎಚ್‌ನಲ್ಲಿ (ದೂರದ ಯಂತ್ರಕ್ಕೆ ಗುಟ್ಟಾಗಿ ಲಾಗಿನ್ ಆಗುವ ವಿಧಾನ) ಬೇರೆ ಯಂತ್ರಕ್ಕೆ ಹೋಗುವಾಗ ಶುರುವಿನ ಕೈಕುಲುಕಾಟಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತದೆ, ಆಮೇಲೆ ಸಲೀಸು. ಎಇಎಸ್ ಎಂಬ ಗೂಢಲಿಪಿಗೆಂದೇ ಪ್ರೊಸೆಸರಿನಲ್ಲಿ ಸೂಚನೆಗಳು ಇಲ್ಲದ ಕಾಲದ ಯಂತ್ರ ಇದು, ಹಾಗಾಗಿ ಫೈಲ್ ಸಾಗಿಸುವಾಗ ಚಾಚಾ20 ಸೈಫರ್ ಆರಿಸಿಕೊಂಡರೆ ಮೇಲು.

ಕನ್ನಡ ಓದುವವರಿಗೆ ಒಂದು ಎಚ್ಚರಿಕೆ. ಎಕ್ಸ್‌ಟರ್ಮ್ ಎಂಬ ಟರ್ಮಿನಲ್‌ನಲ್ಲಿ ಒತ್ತಕ್ಷರ ಕೂಡಿಕೊಳ್ಳುವುದಿಲ್ಲ. ‘ಕನ್ನಡ’ದ ನಕಾರದ ಒತ್ತು ಕೆಳಗಿಳಿಯದೆ ಪಕ್ಕದಲ್ಲಿ ಬಿಡಿಯಾಗಿ ನಿಲ್ಲುತ್ತದೆ. ಅಕ್ಷರ ಜೋಡಿಸಿಕೊಡುವ ಪ್ಯಾಂಗೊ ಲೈಬ್ರರಿಯ ಸಹಾಯವಿಲ್ಲದೆ ಅಕ್ಷರ ಬಿಡಿಸುವ ಬೇರೆ ಹಗುರ ಪ್ರೋಗ್ರಾಂಗಳ ಗತಿಯೂ ಇದೇ. ಲೀಫ್‌ಪ್ಯಾಡ್‌ನಂಥ ಪ್ಯಾಂಗೊ ಬಳಸುವ ಜಿಟಿಕೆ ಎಡಿಟರ್ ಹಾಕಿಕೊಂಡು, ಲೋಹಿತ್ ಕನ್ನಡ ಫಾಂಟ್ ಸೇರಿಸಿದರೆ ಎಲ್ಲ ಸರಿಯಾಗಿ ಕಾಣುತ್ತದೆ. ನಾಲ್ಕಾರು ಎಂಬಿ ಉಳಿಸಲು ಹೋಗಿ ಅಕ್ಷರವನ್ನೇ ಕಳೆದುಕೊಳ್ಳುವ ವ್ಯವಹಾರ ನನಗೆ ಒಗ್ಗಲಿಲ್ಲ.

ಟೈನಿ ಕೋರ್ ಲಿನಕ್ಸ್ ಬೇರೆಯೇ ಜಾತಿ. ಡೆಸ್ಕ್‌ಟಾಪ್ ಸಮೇತ ಇಪ್ಪತ್ತಮೂರು ಎಂಬಿ ಆಸುಪಾಸು. ಇಡೀ ಓಎಸ್ ರ‍್ಯಾಮಿಗೆ ಏರಿ ಕೂರುತ್ತದೆ, ಡಿಸ್ಕ್ ತಣ್ಣಗಿರುತ್ತದೆ. ಹಳೇ ಹಾರ್ಡ್ ಡಿಸ್ಕಿನ ಕಿರ‍್ರ್ ಸದ್ದು ಕೇಳಿ ಬೇಸತ್ತವರಿಗೆ ಇದು ವರ. ಬೇಕಾದ ಪ್ರೋಗ್ರಾಂಗಳನ್ನು ಟಿಸಿಜೆಡ್ ಎಂಬ ಪೊಟ್ಟಣಗಳಾಗಿ ಜೋಡಿಸಿಕೊಳ್ಳಬೇಕು. ಮುಚ್ಚುವಾಗ ಬ್ಯಾಕಪ್ ಆರಿಸದಿದ್ದರೆ ನಿಮ್ಮ ಸೆಟ್ಟಿಂಗುಗಳೆಲ್ಲ ಮಾಯ, ಮುಂದಿನ ಸಲ ಮತ್ತೆ ಹೊಸ ಸಿಸ್ಟಂ. ಕೆಲವರಿಗೆ ಇದು ತಲೆನೋವು. ಮನೆಗೆ ಬಂದವರ ಕೈಗೆಲ್ಲ ಯಂತ್ರ ಕೊಡುವ ನನಗೆ ಇದೇ ಅದರ ದೊಡ್ಡ ಗುಣ. ಆದರೆ ಪೊಟ್ಟಣಗಳು ಹೆಚ್ಚಾದಷ್ಟೂ ‘ಟೈನಿ’ ಎಂಬುದು ಹೆಸರಿಗಷ್ಟೇ ಉಳಿಯುತ್ತದೆ, 256 ಎಂಬಿಯ ಗೋಡೆ ಬೇಗ ಎದುರಾಗುತ್ತದೆ.

ಹಳೇ ಡಾಸ್‌ನ ಮುಕ್ತ ರೂಪವಾದ ಫ್ರೀಡಾಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜಿಮ್ ಹಾಲ್ 1994ರಲ್ಲಿ ಶುರು ಮಾಡಿದ್ದು, ಕಣ್ಣು ಮಿಟುಕಿಸುವಷ್ಟರಲ್ಲಿ ಬೂಟ್, ಹಳೇ ಆಟಗಳಿಗೆ ಸೈ. ಪೆಂಟಿಯಂ 3 ಕಾಲದ ಲ್ಯಾಪ್‌ಟಾಪುಗಳಲ್ಲಿ ಆ ಆಟಗಳು ಹುಡುಕುವ ಐಎಸ್‌ಎ ಸೌಂಡ್ ಬ್ಲಾಸ್ಟರ್ ಎಂಬ ಹಳೇ ಸೌಂಡ್ ಕಾರ್ಡ್ ಸಾಮಾನ್ಯವಾಗಿ ಇರುವುದಿಲ್ಲ, ಬಹಳ ಆಟಗಳು ಮೂಕವಾಗೇ ಆಡುತ್ತವೆ.

ಪೆಂಟಿಯಂ ಎಂ ಮೇಲೆ ನನಗೆ ಅತಿ ಹೆಚ್ಚು ಖುಷಿ ಕೊಟ್ಟದ್ದು ಹೈಕು. ಬಿಓಎಸ್ ಎಂಬ ಓಎಸ್ ತಯಾರಿಸುತ್ತಿದ್ದ ಕಂಪನಿ 2001ರಲ್ಲಿ ಪಾಮ್‌ಗೆ ಮಾರಾಟವಾದಾಗ ಅಭಿಮಾನಿಗಳು ಅದನ್ನು ಮೊದಲಿನಿಂದ ಮತ್ತೆ ಬರೆಯತೊಡಗಿದ್ದು. ಬೀಟಾ 5 ಬಂದದ್ದು 2024ರ ಸೆಪ್ಟೆಂಬರ್‌ನಲ್ಲಿ, ಇನ್ನೂ ಬೀಟಾವೇ. 32 ಬಿಟ್ ಆವೃತ್ತಿಗೆ ಕನಿಷ್ಠ 384 ಎಂಬಿ ರ‍್ಯಾಮ್ ಕೇಳುವುದರಿಂದ ನನ್ನ ಪೆಂಟಿಯಂ 3ಕ್ಕೆ ಸಲ್ಲದು. ವಿಂಡೋಸ್ ಕೀ ಒತ್ತಿ ಹಿಡಿದು ಒಂದು ಕಿಟಕಿಯ ಹಳದಿ ಪಟ್ಟಿಯನ್ನು ಇನ್ನೊಂದರ ಪಟ್ಟಿಗೆ ತಾಗಿಸಿದರೆ ಎರಡೂ ಅಂಟಿಕೊಂಡು ಒಂದೇ ಕಟ್ಟಾಗುತ್ತವೆ. ಟೆಕ್ಸ್ಟ್ ಎಡಿಟರ್, ಫೈಲ್ ಫೋಲ್ಡರ್, ಟರ್ಮಿನಲ್ ಎಲ್ಲವನ್ನೂ ಹೀಗೆ ಕಟ್ಟಬಹುದು. ಯಾಕೆ ಎಲ್ಲರೂ ಇದನ್ನು ಕದಿಯಲಿಲ್ಲವೋ ಗೊತ್ತಿಲ್ಲ.

ಹಾರ್ಡ್‌ವೇರ್ ಕಡೆ ಎರಡು ಮಾತು. ಹಳೇ ಐಡಿಇ ಡಿಸ್ಕ್ ತೆಗೆದು ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್ ಹಾಕಿ. ಅದರ ಪಿನ್ನುಗಳೇ ಐಡಿಇ ಭಾಷೆ ಮಾತಾಡುವುದರಿಂದ ಅಡಾಪ್ಟರ್‌ನಲ್ಲಿ ತಂತಿ ಬಿಟ್ಟು ಹೆಚ್ಚೇನೂ ಇರುವುದಿಲ್ಲ. ಎರಡನೆಯದು ಬಯಾಸ್ ಬ್ಯಾಟರಿ. ಅದು ಸತ್ತಿದ್ದರೆ ಗಡಿಯಾರ ಹಿಂದಕ್ಕೆ ಹಾರುತ್ತದೆ, ಎಲ್ಲ ವೆಬ್‌ಸೈಟುಗಳ ಸರ್ಟಿಫಿಕೇಟೂ ‘ಇನ್ನೂ ಜಾರಿಗೆ ಬಂದಿಲ್ಲ’ ಎನ್ನುತ್ತದೆ. ನೆಟ್ ನೋಡಿ ಗಡಿಯಾರ ಹೊಂದಿಸುವ ಎನ್‌ಟಿಪಿಡಿ ಸರಿಮಾಡುತ್ತದೆ ಅಂದುಕೊಳ್ಳಬೇಡಿ. ವ್ಯತ್ಯಾಸ 1000 ಸೆಕೆಂಡು ದಾಟಿದ್ದರೆ ಅದು ಮಾಮೂಲಿಯಾಗಿ ಕೈಚೆಲ್ಲಿ ಹೊರಟುಹೋಗುತ್ತದೆ. ಬೂಟ್ ಆಗುವಾಗಲೇ, ಗಡಿಯಾರವನ್ನು ಒಂದೇ ಸಲಕ್ಕೆ ಸರಿಪಡಿಸುವ ಎನ್‌ಟಿಪಿಡೇಟ್ ಓಡುವಂತೆ ಸೆಟ್ ಮಾಡಿದರೆ ಈ ಕಾಟ ತಪ್ಪುತ್ತದೆ. ಬ್ಯಾಟರಿ ಬದಲಿಸಿದರೆ ಇನ್ನೂ ಒಳ್ಳೆಯದು.

ಹೆಸರಾದ ಲಿನಕ್ಸ್ ಡಿಸ್ಟ್ರೊ ಡೆಬಿಯನ್ 13, ಅಂದರೆ 2025ರ ಆವೃತ್ತಿ, 32 ಬಿಟ್ ಪಿಸಿಗೆ ಇನ್‌ಸ್ಟಾಲರ್ ಕೊಡುವುದನ್ನೇ ನಿಲ್ಲಿಸಿದೆ. ಡೆಬಿಯನ್ 12ರ ಮೇಲೆ ಕಟ್ಟಿದ ಆಂಟಿಎಕ್ಸ್ 23 ಪೆಂಟಿಯಂ ಎಂ ಮೇಲೆ ಸದ್ಯಕ್ಕೆ ಚೆನ್ನಾಗೇ ಓಡುತ್ತಿದೆ. ಶುರುವಿನ ಕೆಲವು ಪೆಂಟಿಯಂ ಎಂ ಚಿಪ್ಪುಗಳು ಪಿಎಇ (32 ಬಿಟ್ ಚಿಪ್ಪು 4 ಜಿಬಿಗಿಂತ ಹೆಚ್ಚು ಮೆಮೊರಿ ಬಳಸುವ ಸವಲತ್ತು) ಇದ್ದೂ ಇಲ್ಲವೆಂದು ಹೇಳುತ್ತವೆ. ಅಂಥದ್ದರಲ್ಲಿ ಪಿಎಇ ಕರ್ನಲ್ ಬೂಟ್ ಆಗಲು ನಿರಾಕರಿಸಿದರೆ, ಬೂಟ್ ಸಾಲಿನ ಕೊನೆಗೆ ‘ಫೋರ್ಸ್‌ಪಿಎಇ’ ಎಂದು ಸೇರಿಸಿ ನೋಡಿ.