ಆರ್‌ಟಿಎ ಟ್ಯಾಂಕ್: ಎರಡು ವರ್ಷ ಕಾಯಿಲ್ ನಾನೇ ಸುತ್ತಿದ ಮೇಲೆ

ನಾನಿರುವುದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಹದಿನಾಲ್ಕು ವರ್ಷ ಸಿಗರೇಟು ಸೇದಿ, ಅದನ್ನು ಬಿಡಲು ವೇಪ್ ಹಿಡಿದೆ. ಮೊದಲ ವರ್ಷವೆಲ್ಲ ಅಂಗಡಿಯ ರೆಡಿ ಕಾಯಿಲ್, ಅಂದರೆ ವೇಪ್‌ನ ಲಿಕ್ವಿಡ್ ಬಿಸಿ ಮಾಡಿ ಆವಿಯಾಗಿಸುವ ತಂತಿಸುರುಳಿ. ಹತ್ತು ದಿನಕ್ಕೆ ಸುಟ್ಟ ರುಚಿ ಬರುತ್ತಿತ್ತು, ಮತ್ತೆ ಮೂರು ಪೌಂಡ್ ಖರ್ಚು. ಆಮೇಲೆ ಕಾಯಿಲ್ ನಾವೇ ಕಟ್ಟುವ ಆರ್‌ಟಿಎ ಟ್ಯಾಂಕ್ ತಗೊಂಡೆ.

ಟ್ಯಾಂಕ್ ಚೆನ್ನಾಗಿದೆ. 24 ಮಿ.ಮೀ. ಅಗಲ, ಒಂದೇ ಕಾಯಿಲ್, ಲಿಕ್ವಿಡ್ ಮೇಲಿಂದ ತುಂಬಬಹುದು. ಇಲ್ಲಿನ ನಿಯಮದಂತೆ 2 ಮಿ.ಲೀ. ಮಾತ್ರ ಹಿಡಿಯುತ್ತೆ, ಹಾಗಾಗಿ ದಿನಕ್ಕೆ ಎರಡು ಸಲ ತುಂಬುತ್ತೇನೆ. ಒಂದು ರಬ್ಬರ್ ರಿಂಗ್ ಹರಿಯಿತು, ಡಬ್ಬಿಯಲ್ಲೇ ಸ್ಪೇರ್ ಇತ್ತು.

ತಂತಿ 28 ಗೇಜ್ ಕ್ಯಾಂಥಲ್ (ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ ಮಿಶ್ರಲೋಹ). 2.5 ಮಿ.ಮೀ. ಕಡ್ಡಿಗೆ ಆರು ಸುತ್ತು ಹಾಕಿದರೆ ಸುಮಾರು 1.1 ಓಮ್ ಪ್ರತಿರೋಧ ಬರುತ್ತೆ. 13 ವ್ಯಾಟ್ ಸಾಕು. ಅಷ್ಟೇ ಸುತ್ತಿಗೆ ನೈಕ್ರೋಮ್ (ನಿಕ್ಕಲ್, ಕ್ರೋಮಿಯಂ) ತಂತಿ ಹಾಕಿದರೆ ಓಮ್ ಕಡಿಮೆ, ಬೇಗ ಬಿಸಿಯಾಗುತ್ತೆ. ರುಚಿಯಲ್ಲಿ ನನಗೆ ಅಂಥ ವ್ಯತ್ಯಾಸ ಕಾಣಲಿಲ್ಲ. ಲಿಕ್ವಿಡ್ ಹೀರಿ ಕಾಯಿಲ್‌ಗೆ ಕೊಡುವ ಹತ್ತಿ ಹಾಕುವ ಮೊದಲು, ಬರೀ ತಂತಿಯನ್ನು ಕಡಿಮೆ ವ್ಯಾಟ್‌ನಲ್ಲಿ ಕಾಯಿಸಿ ನೋಡಿ. ಕೆಂಪು ನಡುವಿನಿಂದ ಶುರುವಾಗಿ ಎರಡೂ ಬದಿಗೆ ಹರಡಬೇಕು. ಒಂದೇ ಸುತ್ತು ಮೊದಲು ಕೆಂಪಾದರೆ ಬಟನ್ ಬಿಟ್ಟು, ಸೆರಾಮಿಕ್ ತುದಿಯ ಚಿಮಟದಿಂದ ಮೆಲ್ಲಗೆ ಸವರಿ. ಇಲ್ಲದಿದ್ದರೆ ಹತ್ತಿ ಅದೇ ಜಾಗದಲ್ಲಿ ಸುಡುತ್ತೆ.

ಇನ್ನು ಹತ್ತಿ. ಎಲ್ಲರೂ ತಂತಿ ಬಗ್ಗೆಯೇ ಮಾತಾಡ್ತಾರೆ, ಆದರೆ ರುಚಿ ಬರುವುದು ಹತ್ತಿಯಿಂದ. ಮೊದಲ ಎರಡು ತಿಂಗಳು ಕಾಯಿಲ್ ಒಳಗೆ ಹತ್ತಿಯನ್ನು ಗಟ್ಟಿಯಾಗಿ ತುರುಕುತ್ತಿದ್ದೆ. ಎರಡು ದಮ್ಮು ಎಳೆದರೆ ಮೂರನೆಯದಕ್ಕೆ ಗಂಟಲು ಸುಟ್ಟಂತಾಗುತ್ತಿತ್ತು. ಆಗ ಅಜ್ಜಿ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದದ್ದು ನೆನಪಾಯಿತು. ಬಿಗಿಯಾಗಿ ಹೊಸೆದರೆ ಎಣ್ಣೆ ಏರಲ್ಲ ಮಗಾ, ಅನ್ನುತ್ತಿದ್ದರು. ಇಲ್ಲೂ ಅದೇ ಲೆಕ್ಕ.

ಈಗ ಹೀಗೆ ಮಾಡುತ್ತೇನೆ. ಹತ್ತಿಯ ಒಂದು ತುದಿ ಹೊಸೆದು ಕಾಯಿಲ್ ಒಳಗೆ ತೂರಿಸಿ ಎಳೆಯುತ್ತೇನೆ. ಸ್ವಲ್ಪ ಹಿಡಿದಂತೆ ಅನ್ನಿಸಬೇಕು, ಆದರೆ ತಂತಿ ಬಾಗಬಾರದು. ಎರಡೂ ಬದಿ ಓರೆಯಾಗಿ ಕತ್ತರಿಸಿ, ತುದಿಗಳನ್ನು ಸೂಜಿಯಿಂದ ಬಿಡಿಸಿ ತೆಳುವಾಗಿಸುತ್ತೇನೆ. ಅವು ಲಿಕ್ವಿಡ್ ತೂತಿನ ಬಾಯಲ್ಲಿ ಹಗುರಾಗಿ ಕೂತರೆ ಸಾಕು. ತೀರಾ ಕಡಿಮೆಯಾದರೆ ಸೋರುತ್ತೆ. ನನ್ನ ಒಂದು ಜಾಕೆಟ್ ಜೇಬು ಹಾಗೇ ಹಾಳಾಯ್ತು. ಮೊದಲೇ ಲಿಕ್ವಿಡ್‌ನಲ್ಲಿ ಪೂರ್ತಿ ನೆನೆಸಿ, ಟ್ಯಾಂಕ್ ತುಂಬಿ, ಐದು ನಿಮಿಷ ಕಾಯಬೇಕು. ಆ ಮೊದಲ ದಮ್ಮಿನಲ್ಲಿ ನಿಂಬೆ ನಿಂಬೆಯಂತೆಯೇ ಸಿಗುತ್ತೆ, ಸಿಪ್ಪೆಯ ಸಣ್ಣ ಕಹಿ ಸಮೇತ. ರೆಡಿ ಕಾಯಿಲ್‌ನಲ್ಲಿ ಬರೀ ಸಿಹಿ ಅಷ್ಟೇ ಗೊತ್ತಾಗುತ್ತಿತ್ತು.

ಹೊಗೆ ಜಾಸ್ತಿ ಬೇಕು ಅನ್ನುವವರಿಗೆ ಈ ಸೆಟಪ್ ಅಲ್ಲ. ಅದಕ್ಕೆ ದಪ್ಪ ತಂತಿ, ಜಾಸ್ತಿ ಗಾಳಿ, ಜಾಸ್ತಿ ವಿಜಿ (ದಟ್ಟ ಆವಿ ಕೊಡುವ ವೆಜಿಟೇಬಲ್ ಗ್ಲಿಸರಿನ್) ಇರುವ ಲಿಕ್ವಿಡ್ ಬೇಕು. ನನಗೆ ಸಿಗರೇಟಿನ ಹಾಗೆ ಬಿಗಿಯಾಗಿ ಎಳೆಯುವುದೇ ಇಷ್ಟ, ಲಿಕ್ವಿಡ್‌ನಲ್ಲಿ ವಿಜಿ, ಪಿಜಿ (ಪ್ರೊಪಿಲೀನ್ ಗ್ಲೈಕಾಲ್) 50/50.

ಖರ್ಚು ನಿಜಕ್ಕೂ ಇಳಿಯಿತು. ಹತ್ತು ಮೀಟರ್ ತಂತಿ ಒಂದು ಕಾಯಿಲ್‌ಗೆ ಹತ್ತು ಸೆಂಟಿಮೀಟರ್‌ನಂತೆ ಇನ್ನೂ ಮುಗಿದಿಲ್ಲ. ವಾರಕ್ಕೊಮ್ಮೆ ಹತ್ತಿ ತೆಗೆದು, ತಂತಿ ಕಾಯಿಸಿ, ಆರಿದ ಮೇಲೆ ನೀರಲ್ಲಿ ಬ್ರಷ್ ಮಾಡಿದರೆ ಅದೇ ಕಾಯಿಲ್ ಒಂದೂವರೆ ತಿಂಗಳು ಬರುತ್ತೆ. ಸಿಹಿ ಜಾಸ್ತಿ ಇರುವ ಲಿಕ್ವಿಡ್ ಮಾತ್ರ ಮೂರೇ ದಿನಕ್ಕೆ ಕಪ್ಪು ಅಂಟು ಕಟ್ಟಿಸುತ್ತೆ.

ಒಂದು ವಿಷಯದಲ್ಲಿ ದಯವಿಟ್ಟು ಉದಾಸೀನ ಬೇಡ. ಓಮ್ ಓದುವ ಸಾಧನದಲ್ಲೇ ಕಟ್ಟಿ. ಸಂಖ್ಯೆ ಕುಣಿಯುತ್ತಿದ್ದರೆ ಸ್ಕ್ರೂ ಸಡಿಲ ಇರಬಹುದು. ತೀರಾ ಕಡಿಮೆ ತೋರಿಸಿದರೆ ತಂತಿಯ ಕಾಲು ಲೋಹಕ್ಕೆ ತಾಗಿರಬಹುದು, ಬಟನ್ ಒತ್ತಲೇಬೇಡಿ. ಸಾಧನದೊಳಗಿನ 18650 ಬ್ಯಾಟರಿಯ (ಸಿಲಿಂಡರ್ ಆಕಾರದ ಲಿಥಿಯಂ ಬ್ಯಾಟರಿ) ಹೊದಿಕೆ ಹರಿದಿದ್ದರೆ ಅದನ್ನು ಬಳಸಬೇಡಿ. ಸಿಗರೇಟು ಸೇದದವರು ಇದರ ಹತ್ತಿರವೂ ಬರಬೇಡಿ, ನಿಕೋಟಿನ್ ಚಟ ಸುಮ್ನೆ ಬಿಡಲ್ಲ.

ಊರಿಗೆ ಹೋಗುವಾಗ ಇದನ್ನು ಒಯ್ಯಲ್ಲ. ಭಾರತದಲ್ಲಿ 2019ರಿಂದ ಇ-ಸಿಗರೇಟ್ ಆಮದು, ಮಾರಾಟ ಎಲ್ಲ ನಿಷೇಧ. ಕಳೆದ ಸಲ ಮೈಸೂರಲ್ಲಿ ಮೂರು ವಾರ ನಿಕೋಟಿನ್ ಗಮ್‌ನಲ್ಲೇ ಕಳೆದೆ, ಸಿಗರೇಟು ಮುಟ್ಟಲಿಲ್ಲ. ವಾಪಸ್ ಬಂದು ಲಿಕ್ವಿಡ್‌ನ ನಿಕೋಟಿನ್ 12ರಿಂದ 6 ಮಿ.ಗ್ರಾಂಗೆ ಇಳಿಸಿದ್ದೇನೆ.