ಬ್ರಿಟನ್ ಪ್ರವಾಸದಲ್ಲಿ ಇಸುಬು: ಊರಿನ ಪುಡಿ, ಅಲ್ಲಿನ ನಾನ್-ಬಯೋ, ಪರಿಮಳವಿಲ್ಲದ ಲಿಕ್ವಿಡ್

ಇಸುಬು ಇರುವವರು ಬ್ರಿಟನ್ನಿಗೆ ಹೋಗಿ ಒಂದೆರಡು ವಾರಕ್ಕಿಂತ ಹೆಚ್ಚು ಇರುವುದಾದರೆ ಇಲ್ಲಿಂದ ಸೋಪಿನ ಪುಡಿ ಹೊತ್ತುಕೊಂಡು ಹೋಗಬೇಕಿಲ್ಲ. ಅಲ್ಲಿನ ಸೂಪರ್‌ಮಾರ್ಕೆಟ್‌ಗಳಲ್ಲಿ ಪರಿಮಳವೇ ಹಾಕದ ಲಿಕ್ವಿಡ್ ಸಿಗುತ್ತದೆ: ಸರ್‌ಕೇರ್, ಇಲ್ಲವೇ ಈಕೋವರ್ ಜೀರೋ. ನನ್ನ ಮೊದಲ ಆಯ್ಕೆ ಸರ್‌ಕೇರ್. ಉಳಿದವುಗಳನ್ನೂ ಬಳಸಿ ನೋಡಿದ ಮೇಲೆ ಹೇಳುತ್ತಿರುವ ಮಾತಿದು.

ಅಲ್ಲಿ ಡಿಟರ್ಜೆಂಟ್ ಎರಡು ಬಗೆ. ಕಲೆ ಬಿಡಿಸುವ ಕಿಣ್ವ (ಎಂಜೈಮ್) ಹಾಕಿದ್ದು ಬಯೋ, ಹಾಕದ್ದು ನಾನ್-ಬಯೋ. ಮಕ್ಕಳ ಮನೆಗೆಂದು ಹೋದ ಅಪ್ಪ-ಅಮ್ಮಂದಿರಿಗೆ ಮೊದಲು ಸಿಗುವ ಸಲಹೆ, "ಸ್ಕಿನ್ ಸೆನ್ಸಿಟಿವ್ ಇದ್ರೆ ನಾನ್-ಬಯೋ ತಗೊಳ್ಳಿ" ಎಂಬುದು. ಇದು ಅರ್ಧ ಸತ್ಯ. 1960ರ ದಶಕದ ಕೊನೆಯಲ್ಲಿ ಡಿಟರ್ಜೆಂಟ್ ಕಾರ್ಖಾನೆಗಳಲ್ಲಿ ಕಿಣ್ವದ ದೂಳು ಉಸಿರಿಗೆ ಸೇರಿ ಕೆಲಸಗಾರರಿಗೆ ಅಸ್ತಮಾ ಬಂದಿತ್ತು. ಆಮೇಲೆ ಕಿಣ್ವಕ್ಕೆ ಮೇಲುಹೊದಿಕೆ ಕೊಟ್ಟು ಹರಳು ಮಾಡಿ ಬೆರೆಸತೊಡಗಿದರು, ಆದರೆ ಕೆಟ್ಟ ಹೆಸರು ಉಳಿದುಬಿಟ್ಟಿತು. ಚೆನ್ನಾಗಿ ಜಾಲಿಸಿದ ಬಟ್ಟೆಯಲ್ಲಿ ಉಳಿಯುವ ಕಿಣ್ವ ತೀರಾ ಅಲ್ಪ. ಇಸುಬಿನ ಚರ್ಮವನ್ನು ಕಾಡುವುದು ಹೆಚ್ಚಾಗಿ ಪರಿಮಳ ಮತ್ತು ಸಂರಕ್ಷಕಗಳು (ಕೆಡದಂತೆ ಹಾಕುವ ಪ್ರಿಸರ್ವೇಟಿವ್). ಫೇರಿ ನಾನ್-ಬಯೋ, ಪರ್ಸಿಲ್ ನಾನ್-ಬಯೋ ಎರಡಕ್ಕೂ ಪರಿಮಳ ಬೆರೆಸಿರುತ್ತಾರೆ. ಆದ್ದರಿಂದ ಡಬ್ಬಿಯ ಮುಂಭಾಗದಲ್ಲಿರುವ ಮಗುವಿನ ಚಿತ್ರ ನೋಡಿ ಕೊಳ್ಳಬೇಡಿ, ತಿರುಗಿಸಿ ಹಿಂದೆ ಓದಿ. ಯುರೋಪಿನ 648/2004 ನಿಯಮದ ಪ್ರಕಾರ ಪರಿಮಳ, ಕಿಣ್ವ, ಸಂರಕ್ಷಕ ಎಷ್ಟೇ ಕಡಿಮೆ ಇದ್ದರೂ ಲೇಬಲ್ಲಿನಲ್ಲಿ ಹೇಳಲೇಬೇಕು. ಬ್ರಿಟನ್ನಿನ ಡಬ್ಬಿಗಳೂ ಅದೇ ಕ್ರಮದಲ್ಲಿ ಬರುತ್ತವೆ. ಪರ್ಫ್ಯೂಮ್, ಲಿನಲೂಲ್, ಲಿಮೊನೀನ್, ಹೆಕ್ಸೈಲ್ ಸಿನಮಾಲ್, ಪರಿಮಳದ ಈ ಹೆಸರುಗಳಲ್ಲಿ ಒಂದು ಕಂಡರೂ ವಾಪಸ್ ಇಟ್ಟುಬಿಡಿ.

ಇಷ್ಟೆಲ್ಲ ನೋಡಿ ತಂದರೂ ಕೆರೆತ ನಿಲ್ಲದಿರಬಹುದು. ಅದಕ್ಕೆ ಕಾರಣ ಬಹಳಷ್ಟು ಸಲ ಬಾಟಲಿಯಲ್ಲಿ ಇರುವುದಿಲ್ಲ, ಬಾಡಿಗೆ ಫ್ಲ್ಯಾಟಿನ ವಾಷಿಂಗ್ ಮಷೀನಿನಲ್ಲಿ ಇರುತ್ತದೆ. ಇದರ ಬಗ್ಗೆ ಯಾರೂ ಎಚ್ಚರಿಸುವುದಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಅಲ್ಲಿ ಫ್ರಂಟ್-ಲೋಡ್ ಮಷೀನು ಸಾಮಾನ್ಯವಾಗಿ ಅಡುಗೆಮನೆಯ ಕಟ್ಟೆಯ ಕೆಳಗೇ ಇರುತ್ತದೆ. ಅದರ ಡ್ರಾಯರಿನಲ್ಲಿ ಮೂರು ಖಾನೆ: ಒಂದು ಪ್ರೀ-ವಾಶ್‌ಗೆ, ಒಂದು ಮುಖ್ಯ ಒಗೆತಕ್ಕೆ, ಹೂವಿನ ಗುರುತಿನದು ಫ್ಯಾಬ್ರಿಕ್ ಸಾಫ್ಟ್‌ನರ್‌ಗೆ. ಸಾಫ್ಟ್‌ನರ್ ಖಾನೆ ಕೆಲಸ ಮಾಡುವುದು ಸೈಫನ್‌ನಿಂದ. ನೀರು ತುಂಬಿ ಒಂದು ಮಟ್ಟಕ್ಕೆ ಬಂದಾಗ ಎಲ್ಲ ಎಳೆದುಕೊಂಡು ಹೋಗುತ್ತದೆ, ಆದರೆ ತಳದಲ್ಲಿ ಒಂದಿಷ್ಟು ನೀರು ಯಾವಾಗಲೂ ನಿಲ್ಲುತ್ತದೆ. ಹಿಂದೆ ಇದ್ದವರು ಸಾಫ್ಟ್‌ನರ್ ಸುರಿಯುತ್ತಿದ್ದರೆ ಆ ನೀರಿನಲ್ಲೂ ಖಾನೆಯ ಗೋಡೆಗಳಲ್ಲೂ ಅಂಟಂಟು ಪದರ ಉಳಿದಿರುತ್ತದೆ. ನೀವು ಆ ಖಾನೆಗೆ ಏನೂ ಹಾಕದಿದ್ದರೂ ಕೊನೆಯ ಜಾಲಿಕೆಯ ನೀರು ಅದರ ಮೂಲಕವೇ ಹಾದು ಬರುತ್ತದೆ. ಅದರ ನಂತರ ಮತ್ತೆ ಜಾಲಿಕೆ ಇಲ್ಲ. ಸಾಫ್ಟ್‌ನರ್ ಎಂಬುದು ಎಳೆಗಳಿಗೆ ಅಂಟಿಕೊಳ್ಳಲೆಂದೇ ಮಾಡಿದ ವಸ್ತು. ಹೀಗಾಗಿ ಎಷ್ಟೇ ಒಳ್ಳೆಯ ಡಿಟರ್ಜೆಂಟ್ ಹಾಕಿದರೂ ಬಟ್ಟೆ ಹೊರಬರುವಾಗ ಇನ್ನೊಬ್ಬರ ಮನೆಯ ಪರಿಮಳ ಹೊತ್ತು ಬರುತ್ತದೆ.

ಪರಿಹಾರ ಸುಲಭ, ಸಮಯ ಮಾತ್ರ ಬೇಕು. ಫ್ಲ್ಯಾಟಿಗೆ ಬಂದ ದಿನವೇ ಮಾಡಿ. ಡ್ರಾಯರನ್ನು ಪೂರ್ತಿ ಎಳೆದು, ಒಳಗಿನ ಗುಂಡಿಯೋ ನಾಲಿಗೆಯೋ ಒತ್ತಿ ಹೊರಗೆ ತೆಗೆಯಿರಿ. ಹೂವಿನ ಖಾನೆಯ ಮೇಲಿನ ಸೈಫನ್ ಮುಚ್ಚಳ ಬಿಚ್ಚಿ, ಬಿಸಿನೀರಿನಲ್ಲಿ ಹಳೆಯ ಬ್ರಷ್‌ನಿಂದ ಉಜ್ಜಿ. ಡ್ರಾಯರ್ ಕೂರುವ ಗೂಡಿನ ಮೇಲ್ಭಾಗವನ್ನೂ ಒರೆಸಿ, ಕಪ್ಪು ಬೂಷ್ಟು ಅಲ್ಲೇ ಕೂತಿರುತ್ತದೆ. ಬಾಗಿಲಿನ ರಬ್ಬರ್ ಮಡಿಕೆಯನ್ನು ಬಿಡಿಸಿ ಒಳಗಿನ ಲೋಳೆ, ನೂಲು, ಕೂದಲು ತೆಗೆಯಿರಿ. ಕೈಗೆ ಕೈಗವಸು ಇರಲಿ. ಆಮೇಲೆ ಖಾಲಿ ಮಷೀನನ್ನು ಕಾಟನ್ 90 ಡಿಗ್ರಿಗೆ, ಅದಿಲ್ಲದಿದ್ದರೆ 60ಕ್ಕೆ ಇಟ್ಟು ಓಡಿಸಿ. ಡ್ರಮ್ಮಿಗೆ ಅರ್ಧ ಕಿಲೋ ವಾಷಿಂಗ್ ಸೋಡಾ ಹಾಕಿದರೆ ಜಿಡ್ಡು ಬೇಗ ಬಿಡುತ್ತದೆ. ಸೋಡಾ ಕ್ರಿಸ್ಟಲ್ಸ್ ಎಂಬ ಹೆಸರಿನಲ್ಲಿ ಅಗ್ಗಕ್ಕೆ ಸಿಗುತ್ತದೆ. ಮುಗಿದ ಮೇಲೆ ಬಾಗಿಲು ತೆಗೆದು ಮೂಸಿ ನೋಡಿ. ವಾಸನೆ ಇನ್ನೂ ಇದ್ದರೆ ಬರೀ ನೀರಿನಲ್ಲಿ ಇನ್ನೊಮ್ಮೆ.

ನಂತರ ಎಲ್ಲ ಬಟ್ಟೆಯನ್ನೂ ಒಟ್ಟಿಗೆ ಹಾಕಬೇಡಿ. ಒಂದು ಹಳೆಯ ಬನಿಯನ್ ಒಗೆದು ಎರಡು ದಿನ ಹಾಕಿಕೊಂಡು, ಮೂರನೆಯ ದಿನದವರೆಗೂ ಕಾದು ನೋಡಿ. ಅಲರ್ಜಿಯಿಂದ ಬರುವ ಗುಳ್ಳೆ, ಕೆಂಪು ಕಾಣಿಸಿಕೊಳ್ಳಲು ಒಂದರಿಂದ ಮೂರು ದಿನ ಹಿಡಿಯಬಹುದು. ಮೊದಲ ಸಂಜೆ ಏನೂ ಆಗಲಿಲ್ಲ ಎಂದು ನಂಬಿಕೊಳ್ಳುವಂತಿಲ್ಲ. ಬಟ್ಟೆಯಿಂದ ಬಂದದ್ದಾದರೆ ಸೊಂಟಪಟ್ಟಿ, ಕುತ್ತಿಗೆಯ ಹಿಂಭಾಗ, ಕಂಕುಳಿನ ಅಂಚು, ಹೀಗೆ ಉಜ್ಜುವ ಮತ್ತು ಬೆವರುವ ಜಾಗಗಳಲ್ಲೇ ಹೆಚ್ಚು.

ನೀರಿನ ವಿಷಯಕ್ಕೆ ಬಂದರೆ, ಲಂಡನ್ ನೀರು ಗಡಸು. ಕೆಟಲಿನ ತಳದಲ್ಲಿ ಬಿಳಿ ಸುಣ್ಣ ಕಟ್ಟುತ್ತದೆ, ಬೆಂಗಳೂರಿನ ಬೋರ್‌ವೆಲ್ ನೀರಿನ ಮನೆಯವರಿಗೆ ಇದು ಪರಿಚಿತ. ಗ್ಲಾಸ್ಗೋಗೆ ನೀರು ಬರುವುದು ಲಾಕ್ ಕ್ಯಾಟ್ರಿನ್ ಸರೋವರದಿಂದ, ಬಹಳ ಮೆದು. ಡಬ್ಬಿಯ ಹಿಂದೆ ಎರಡಕ್ಕೂ ಬೇರೆ ಬೇರೆ ಅಳತೆ ಇರುತ್ತದೆ. ಲಂಡನ್ನಿನಲ್ಲಿ ಹಾಕುತ್ತಿದ್ದಷ್ಟನ್ನೇ ಗ್ಲಾಸ್ಗೋದಲ್ಲೂ ಹಾಕಿದರೆ ಹೆಚ್ಚಾದದ್ದು ಬಟ್ಟೆಯಲ್ಲಿ ಉಳಿಯುತ್ತದೆ. ಹಾಗೆಂದು ನೀರು ಮೆದು ಮಾಡುವ ಸಲಕರಣೆಗೆ ದುಡ್ಡು ಸುರಿಯಬೇಡಿ. ಇಂಗ್ಲೆಂಡಿನಲ್ಲಿ ಇಸುಬಿದ್ದ 336 ಮಕ್ಕಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮನೆಗೆ ಅಂಥ ಯಂತ್ರ ಹಾಕಿಸಿದ್ದರಿಂದ ಮಾಮೂಲಿ ಚಿಕಿತ್ಸೆಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಡ್ರಮ್ಮನ್ನು ಮುಕ್ಕಾಲಿಗಿಂತ ಹೆಚ್ಚು ತುಂಬದಿರುವುದು, ಎಕ್ಸ್‌ಟ್ರಾ ರಿನ್ಸ್ ಗುಂಡಿ ಒತ್ತುವುದು, ಕಾಲು-ಅರ್ಧ ಗಂಟೆಯ ಕ್ವಿಕ್ ವಾಶ್ ಬಿಟ್ಟು ಕಾಟನ್ 40 ಇಡುವುದು, ಇವಿಷ್ಟಕ್ಕೆ ಖರ್ಚಿಲ್ಲ. ಹಾಸಿಗೆ ಬಟ್ಟೆಗೆ 60. ದೂಳಿನ ನುಸಿಗಳು ಸಾಯಲು ಅಷ್ಟು ಬಿಸಿ ಬೇಕು.

ಕರಗುವ ಪೊರೆಯೊಳಗೆ ಒಂದು ಒಗೆತಕ್ಕೆ ಬೇಕಾದಷ್ಟು ಲಿಕ್ವಿಡ್ ತುಂಬಿದ ಪುಟ್ಟ ಪೊಟ್ಟಣ, ಪಾಡ್, ನನಗೆ ಹಿಡಿಸಲಿಲ್ಲ. ಪ್ರವಾಸದಲ್ಲಿ ಬೀಳುವುದು ಸಣ್ಣ ಲೋಡು, ಪಾಡಿನ ಅಳತೆಯನ್ನು ಅರ್ಧ ಮಾಡಲು ಬರುವುದಿಲ್ಲ. ತಣ್ಣೀರಿನ ಚಿಕ್ಕ ಒಗೆತದಲ್ಲಿ ಮೇಲಿನ ಪೊರೆ ಪೂರ್ತಿ ಕರಗದೆ ಬಟ್ಟೆಗೆ ಮೆತ್ತಿಕೊಳ್ಳುತ್ತದೆ.

ಕಾಗದದಂಥ ಲಾಂಡ್ರಿ ಶೀಟ್ ಹೊರಲು ಬಲು ಹಗುರ, ಹೋಟೆಲಿನ ಸಿಂಕಿನಲ್ಲಿ ಒಂದೆರಡು ಬಟ್ಟೆಗೆ ಸಾಕು. ಪರಿಮಳವಿಲ್ಲದ್ದನ್ನೇ ಹುಡುಕಿ, ಮೊದಲು ಬಿಸಿನೀರಿನಲ್ಲಿ ಕರಗಿಸಿಕೊಳ್ಳಿ.

ಅಂಟುವಾಳ ಅಲ್ಲಿ ಬೇಡ. ಇಸುಬಿಗೆ ಹಚ್ಚುವ ಕ್ರೀಮಿನ ಜಿಡ್ಡು ಅದಕ್ಕೆ ಬಿಡುವುದಿಲ್ಲ.

ದುಡ್ಡು ಕೊಟ್ಟು ನಾವೇ ಮಷೀನಿನಲ್ಲಿ ಒಗೆದುಕೊಳ್ಳುವ ಅಂಗಡಿಗೆ, ಅಂದರೆ ಲಾಂಡ್ರೆಟ್ಟಿಗೆ ಹೋಗುವುದಾದರೆ ಮೊದಲು ಗೋಡೆಯ ಮೇಲಿನ ಸೂಚನೆ ಓದಿ. ಕೆಲವು ಕಡೆ, ಅದರಲ್ಲೂ ಸೂಪರ್‌ಮಾರ್ಕೆಟ್ ಪಾರ್ಕಿಂಗಿನಲ್ಲಿ ನಿಲ್ಲಿಸಿರುವ ಮಷೀನುಗಳಲ್ಲಿ, ಡಿಟರ್ಜೆಂಟ್ ಮತ್ತು ಸಾಫ್ಟ್‌ನರ್ ತಾನಾಗಿಯೇ ಬೀಳುತ್ತದೆ. ಅಂಥ ಕಡೆ ಒಗೆಯಬೇಡಿ. ಹೋಟೆಲ್ ಲಾಂಡ್ರಿಗೆ ನೇರವಾಗಿ ಮೈಗೆ ತಾಗದ ಜಾಕೆಟ್‌ನಂಥವು ಅಷ್ಟೇ.

ಇನ್ನು ಊರಿನಿಂದ ಒಯ್ಯುವ ಪುಡಿ. ಇದನ್ನು ಪೂರ್ತಿ ತಳ್ಳಿಹಾಕಲಾರೆ, ಒಂದು ಗುಂಪಿನವರಿಗೆ ಇದೇ ಸರಿ. ಲಿಕ್ವಿಡ್‌ನಲ್ಲಿ ನೀರು ಇರುವುದರಿಂದ ಕೆಡದಂತೆ ಸಂರಕ್ಷಕ ಬೇಕು. ಅದಕ್ಕೆ ಹಾಕುವ ಮೀಥೈಲ್‌ಐಸೋಥಯಾಜೋಲಿನೋನ್ ಎಷ್ಟು ಜನರಿಗೆ ಅಲರ್ಜಿ ತಂದಿತೆಂದರೆ, ಅಮೆರಿಕದ ಕಾಂಟ್ಯಾಕ್ಟ್ ಡರ್ಮಟೈಟಿಸ್ ಸೊಸೈಟಿ ಅದನ್ನು 2013ರ 'ವರ್ಷದ ಅಲರ್ಜಿಕಾರಕ' ಎಂದು ಹೆಸರಿಸಿತು. ಹಚ್ಚಿ ಹಾಗೆಯೇ ಬಿಡುವ ಕ್ರೀಮು, ಲೋಷನ್‌ಗಳಲ್ಲಿ ಯುರೋಪ್ ಅದನ್ನು 2017ರಿಂದ ನಿಲ್ಲಿಸಿದೆ, ಡಿಟರ್ಜೆಂಟಿಗೆ ಆ ನಿಷೇಧ ಇಲ್ಲ. ಯಾವುದು ಅಲರ್ಜಿ ಎಂದು ಚರ್ಮಕ್ಕೆ ಪಟ್ಟಿ ಅಂಟಿಸಿ ನೋಡುವ ಪ್ಯಾಚ್ ಟೆಸ್ಟಿನಲ್ಲಿ ಈ ಹೆಸರು ಬಂದಿದ್ದರೆ ಪರಿಮಳವಿಲ್ಲದ ಪುಡಿಯೇ ನಿಮಗೆ ಸುರಕ್ಷಿತ. ಒಣಪುಡಿಗೆ ಸಾಮಾನ್ಯವಾಗಿ ಇಂಥ ಸಂರಕ್ಷಕ ಬೇಕಾಗುವುದಿಲ್ಲ. ಊರಲ್ಲಿ ಒಗ್ಗಿದ್ದನ್ನೇ ಮೂಲ ಪೊಟ್ಟಣದಲ್ಲಿ, ಚೆಕ್-ಇನ್ ಬ್ಯಾಗಿನಲ್ಲಿ ಒಯ್ಯಿರಿ. ಫ್ರಂಟ್-ಲೋಡ್ ಪುಡಿಯೇ ಆಗಿರಬೇಕು. ಕೈಯಲ್ಲಿ ಒಗೆಯುವ ಪುಡಿ ಹಾಕಿದರೆ ನೊರೆ ಉಕ್ಕಿ ಮಷೀನು ಸರಿಯಾಗಿ ಜಾಲಿಸುವುದೇ ಇಲ್ಲ. ಒಂದು ಲೋಡಿಗೆ 60 ಗ್ರಾಂ ಹಿಡಿದರೂ ಎಂಟು ಒಗೆತಕ್ಕೆ ಅರ್ಧ ಕಿಲೋ ಬೇಕು.

ಆ ಅರ್ಧ ಕಿಲೋ ಜಾಗವನ್ನು ನಾನು ಎರಡು ದಿಂಬಿನ ಕವರು ಮತ್ತು ಎರಡು ಹತ್ತಿ ಪಂಚೆಗೆ ಇಟ್ಟುಕೊಳ್ಳುತ್ತೇನೆ. ಹೋಟೆಲಿನ ಹಾಸಿಗೆ, ಟವೆಲ್ ಯಾವುದರಲ್ಲಿ ಒಗೆದದ್ದೋ ನಮಗೆ ತಿಳಿಯುವುದಿಲ್ಲ. ಪಂಚೆ ಮೇಲುಹಾಸಾಗಿಯೂ ಆಗುತ್ತದೆ, ಮೈ ಒರೆಸಲೂ ಆಗುತ್ತದೆ, ರೇಡಿಯೇಟರ್ ಇರುವ ಕೋಣೆಯಲ್ಲಿ ರಾತ್ರಿ ಕಳೆಯುವುದರೊಳಗೆ ಒಣಗುತ್ತದೆ. ಹೊರಗಿನ ಹಗ್ಗಕ್ಕೆ ಮೇ ಕೊನೆಯಿಂದ ಜುಲೈವರೆಗೆ ಹಾಕಬೇಡಿ, ಹುಲ್ಲಿನ ಪರಾಗದ ಕಾಲ ಅದು.

ಸರ್‌ಕೇರ್ ಬಾಟಲಿಗೆ ಬೀಳುವ ಖರ್ಚು ಸುಮಾರಾಗಿ ಲಾಂಡ್ರೆಟ್ಟಿಗೆ ಒಂದು ಸಲ ಹೋದಷ್ಟು. ಮೂರು ದಿನಕ್ಕೊಮ್ಮೆ ಸಣ್ಣ ಲೋಡು ಹಾಕುವ, ಮಷೀನು ಇರುವ ಫ್ಲ್ಯಾಟನ್ನೇ ಹುಡುಕಿ ಇಳಿಯುವ ನನ್ನ ರೂಢಿಗೆ ಇದು ಹೊಂದುತ್ತದೆ. ದಿನಕ್ಕೊಂದು ಊರು ಸುತ್ತುವ ಗುಂಪು ಪ್ರವಾಸದವರಿಗೆ ಬಾಟಲಿ ಹೊರೆ; ಅವರು ಶೀಟ್ ನೋಡಬಹುದು.

ಕ್ರೀಮು ದಪ್ಪಗೆ ಹಚ್ಚಿಕೊಳ್ಳುವವರು ಇನ್ನೊಂದು ಎಚ್ಚರ ವಹಿಸಬೇಕು. ಯಾವ ಡಿಟರ್ಜೆಂಟೂ ಎಮಾಲಿಯೆಂಟನ್ನು, ಅಂದರೆ ಚರ್ಮ ಒಣಗದಂತೆ ಹಚ್ಚುವ ಇಂಥ ಕ್ರೀಮನ್ನು, ಬಟ್ಟೆಯಿಂದ ಪೂರ್ತಿ ತೆಗೆಯುವುದಿಲ್ಲ. ಅದು ಇಂಗಿ ಒಣಗಿದ ಬಟ್ಟೆಗೆ ಬೆಂಕಿ ಬೇಗ ಹೊತ್ತಿಕೊಳ್ಳುತ್ತದೆ, ಪ್ಯಾರಾಫಿನ್ ಇಲ್ಲದ ಕ್ರೀಮಿಗೂ ಈ ಮಾತು ಸಲ್ಲುತ್ತದೆ ಎಂದು ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಎಚ್ಚರಿಸಿದೆ. 60 ಡಿಗ್ರಿಯಲ್ಲಿ ಒಗೆದರೆ ಕಡಿಮೆಯಾದೀತು, ಹೋಗದು. ಗ್ಯಾಸ್ ಒಲೆಯ ಮುಂದೆ ನಿಲ್ಲುವಾಗ, ದೇವರ ದೀಪ ಹಚ್ಚುವಾಗ ಆ ಬಟ್ಟೆ ಬದಲಿಸಿಕೊಳ್ಳಿ.